ಅಪ್ಪನ 640 ಕ್ಯಾಸೆಟ್: ಯಾವುದನ್ನು ಮೊದಲು ಉಳಿಸೋದು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆಯ ಹಳ್ಳಿ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಅವರು ಕೂಡಿಟ್ಟ ಸುಮಾರು 640 ಕ್ಯಾಸೆಟ್, 70 ಹಳೇ ಪ್ಲೇಟು, ಮನೆಯಲ್ಲೇ ಬರೆದ ನೂರರಷ್ಟು ಸಿಡಿ ಅಟ್ಟದ ಮೇಲಿವೆ. ಯಕ್ಷಗಾನ, ಗಮಕ, ಭಾವಗೀತೆ, ಸಿನಿಮಾ ಹಾಡು, ಹಿಂದೂಸ್ತಾನಿ ಎಲ್ಲಾ ಇದೆ. ನನ್ನ ಹಾರ್ಡ್ ಡಿಸ್ಕಿನಲ್ಲಿ ಬೇರೆ 40,000 ಎಂಪಿ3 ಹಾಡುಗಳಿವೆ. ಪ್ರತಿ ಮಳೆಗಾಲ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುತ್ತೆ. ಒಂದರ ಮೇಲೆ ಅಪ್ಪನ ಅಕ್ಷರದಲ್ಲಿ ‘ಅಮ್ಮ, ದೀಪಾವಳಿ 1986’ ಅಂತಿದೆ. ಅಂದರೆ ನಮ್ಮ ಅಜ್ಜಿ. ಅದರ ಸುರುಳಿ ಬೆಳ್ಳಗಾಗಿದೆ, ಹಾಕಿ ಕೇಳೋಕೆ ಭಯ. ಅಪ್ಪನ ಟೂ-ಇನ್-ಒನ್ ಟೇಪ್ ನುಂಗುತ್ತೆ. ತಮ್ಮ ‘ಎಲ್ಲಾ ಫೋನಲ್ಲೇ ಸಿಗುತ್ತೆ, ಗುಜರಿಗೆ ಹಾಕು’ ಅಂತಾನೆ. ನನಗೆ ಇದನ್ನು ಉಳಿಸಿ, ಇನ್ನೂ ಬೆಳೆಸುವ ಆಸೆ. ಎಲ್ಲಿಂದ ಶುರು ಮಾಡಲಿ ಸರ್?

ಉತ್ತರ: ನಿಮ್ಮ ತಮ್ಮ ಹೇಳಿದ್ದು ಮುಕ್ಕಾಲು ಪಾಲು ಸರಿ. ಮೊದಲು ಅದನ್ನು ಒಪ್ಪಿಕೊಂಡುಬಿಡಿ, ನಿಮ್ಮ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತೆ. ಆ ಕಾಲದ ಮನೆಗಳ ಕ್ಯಾಸೆಟ್ ರಾಶಿಯಲ್ಲಿ ಹೆಚ್ಚಿನವು ಅಂಗಡಿಯಿಂದ ತಂದ ಸಿನಿಮಾ ಹಾಡು, ಭಕ್ತಿಗೀತೆ, ಭಾವಗೀತೆಗಳೇ. ಅವುಗಳಲ್ಲಿ ಬಹಳಷ್ಟು ಇವತ್ತು ಫೋನಿನಲ್ಲಿ ಸಿಗುತ್ತವೆ. ನಿಮ್ಮ ಸವೆದ ಕ್ಯಾಸೆಟ್‌ಗಿಂತ ಚೆನ್ನಾಗಿಯೇ ಕೇಳುತ್ತವೆ. ಉಳಿದ ಕಾಲು ಪಾಲು ಇದೆಯಲ್ಲ, ಅದು ನಿಮ್ಮ ಅಟ್ಟದ ಮೇಲೆ ಬಿಟ್ಟರೆ ಇನ್ನೆಲ್ಲೂ ಇಲ್ಲ. ನಿಮ್ಮ ಸಮಯವೆಲ್ಲ ಅದಕ್ಕೆ ಹೋಗಬೇಕು.

ಸಮಯದ ಮಾತು ಯಾಕೆ ಅಂದರೆ, ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸೋಕೆ ಅಡ್ಡದಾರಿ ಇಲ್ಲ. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆ ಬೇಕು. 640 ಕ್ಯಾಸೆಟ್‌ಗೆ 640 ಗಂಟೆ. ದಿನಕ್ಕೆ ಎರಡರಂತೆ ಒಂದು ದಿನವೂ ಬಿಡದೆ ಮಾಡಿದರೂ ಹತ್ತು ತಿಂಗಳಿಗಿಂತ ಜಾಸ್ತಿ. ಅಡಿಕೆ ಕೊಯ್ಲು, ಮದುವೆ, ಶ್ರಾದ್ಧ, ಕರೆಂಟು ಹೋಗೋದು ಎಲ್ಲಾ ಸೇರಿಸಿದರೆ ಮೂರು ವರ್ಷ. ಬಹಳ ಜನ ರಾಶಿಯ ಮೇಲಿನದರಿಂದ ಶುರು ಮಾಡುತ್ತಾರೆ. ಐವತ್ತನೇ ಕ್ಯಾಸೆಟ್‌ಗೆ ಸುಸ್ತಾಗಿ ನಿಲ್ಲಿಸುತ್ತಾರೆ. ಆ ಐವತ್ತೂ ಸಿನಿಮಾ ಹಾಡೇ ಆಗಿರುತ್ತವೆ!

ಹಾಗಾಗಿ ಮೊದಲ ವಾರ ಯಾವುದನ್ನೂ ಹಾಕಿ ಕೇಳಬೇಡಿ. ಜಗಲಿಯ ಮೇಲೆ ಹಾಸಿ, ಬರೀ ವಿಂಗಡಿಸಿ.

ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಕ್ಯಾಸೆಟ್ ಅಲ್ಲ, ಮನೆಯಲ್ಲಿ ಬರೆದ ಆ ನೂರು ಸಿಡಿ. ಆಶ್ಚರ್ಯ ಆಯಿತಾ? ಕ್ಯಾಸೆಟ್ ವಯಸ್ಸಾದವರ ಹಾಗೆ ನಿಧಾನವಾಗಿ ಸೊರಗುತ್ತೆ. ಸದ್ದು ಮಂಕಾಗುತ್ತೆ, ಸುಯ್‌ಗುಡುತ್ತೆ, ಆದರೂ ಹಾಡುತ್ತೆ. ಮನೆಯಲ್ಲಿ ಬರೆದ ಸಿಡಿ ಹಾಗಲ್ಲ. ಅದರಲ್ಲಿ ಹಾಡು ಕೂತಿರುವುದು ಒಂದು ತೆಳು ಬಣ್ಣದ ಪದರದಲ್ಲಿ. ಬಿಸಿಲಿಗೆ, ತೇವಕ್ಕೆ ಆ ಬಣ್ಣ ಕೆಡುತ್ತಾ ಹೋಗುತ್ತೆ, ಹೊರಗೆ ಏನೂ ಕಾಣೋದಿಲ್ಲ. ಒಂದು ದಿನ ಕಂಪ್ಯೂಟರ್ ‘ಡಿಸ್ಕ್ ಇಲ್ಲ’ ಅನ್ನುತ್ತೆ, ಅಲ್ಲಿಗೆ ಮುಗಿಯಿತು. ಅಂಗಡಿಯಲ್ಲಿ ಅಚ್ಚಾಗಿ ಬಂದ ಸಿಡಿ ಇದಕ್ಕಿಂತ ಗಟ್ಟಿ. ಹಾಗಂತ ಅದೂ ಚಿರಂಜೀವಿಯಲ್ಲ. ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ಬಂದ ಒಂದು ಸಿಡಿಯ ಪದರವನ್ನು ಶಿಲೀಂಧ್ರವೇ ತಿಂದಿದ್ದನ್ನು 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ತೋರಿಸಿದ್ದರು. ಅದೂ ನಮ್ಮ ಹಾಗೇ ಬಿಸಿ, ತೇವದ ದೇಶ. ಸಿಡಿ ಇಳಿಸೋಕೆ ಒಂದಕ್ಕೆ ಐದು ಹತ್ತು ನಿಮಿಷ ಸಾಕು. ಒಂದು ವಾರದಲ್ಲಿ ನೂರೂ ಮುಗಿಯುತ್ತವೆ. ಒಂದು ಕಂಪ್ಯೂಟರಿನಲ್ಲಿ ಓದದ ಸಿಡಿ ಇನ್ನೊಂದರಲ್ಲಿ ಓದುವುದುಂಟು, ಒಮ್ಮೆಗೇ ಕೈಬಿಡಬೇಡಿ.

ಆಮೇಲೆ ಕೈಬರಹದ ಕ್ಯಾಸೆಟ್‌ಗಳು. ಮೇಲೆ ಅಚ್ಚಾದ ಹಾಳೆ ಇಲ್ಲದೆ, ಪೆನ್ನಿನಲ್ಲಿ ಏನೋ ಗೀಚಿರುವಂಥವು. ಏನೂ ಬರೆಯದೆ ಖಾಲಿ ಇರುವಂಥವು ಇನ್ನೂ ಮುಖ್ಯ. ನಮ್ಮ ಕಡೆ ಎಂಬತ್ತರ ದಶಕದಲ್ಲಿ ಟೂ-ಇನ್-ಒನ್ ಬಂದ ಮನೆಯಲ್ಲೆಲ್ಲ ಒಬ್ಬರಾದರೂ ಕೆಂಪು ಬಟನ್ ಒತ್ತಿದ್ದಾರೆ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರ ಹಾಡು, ಹಸೆಗೆ ಕರೆಯುವ ಹಾಡು, ಊರ ದೇವಸ್ಥಾನದ ತಾಳಮದ್ದಳೆ, ಭದ್ರಾವತಿ ಆಕಾಶವಾಣಿಯಲ್ಲಿ ಬಂದ ಕಾರ್ಯಕ್ರಮ, ಮಧ್ಯೆ ಕರು ಕೂಗಿದ್ದು, ಯಾರೋ ‘ಕಾಫಿ ತಗೊಳ್ಳಿ’ ಅಂದದ್ದು. ಇದು ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ಯಾವ ಆ್ಯಪ್‌ನಲ್ಲೂ ಬರೋದಿಲ್ಲ.

ಮೂರನೆಯದು, ಅಚ್ಚಾಗಿದ್ದರೂ ಊರಮಟ್ಟದಲ್ಲಿ ಮಾತ್ರ ಹಂಚಿಕೆಯಾದ ಕ್ಯಾಸೆಟ್‌ಗಳು. ಯಕ್ಷಗಾನ ಮತ್ತು ಗಮಕದಲ್ಲಿ ಇವು ಜಾಸ್ತಿ. ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ಹೋದರು. ಅವರ ಭಾಗವತಿಕೆಯ ಕ್ಯಾಸೆಟ್ ಇಲ್ಲದ ಯಕ್ಷಗಾನ ಪ್ರೇಮಿಯ ಮನೆ ನಮ್ಮ ಕಡೆ ಕಡಿಮೆ. ಆದರೆ ಮೇಳದ ಆಟಕ್ಕೆ ಹೋಗಿ ಯಾರೋ ಮಡಿಲಲ್ಲಿ ರೆಕಾರ್ಡರ್ ಇಟ್ಟು ಹಿಡಿದದ್ದು ಬೇರೆ, ಅಂಗಡಿಯ ಕ್ಯಾಸೆಟ್ ಬೇರೆ. ಹಾಗೇ ಶಿವಮೊಗ್ಗ ಪಕ್ಕದ ಹೊಸಹಳ್ಳಿಯ ಗಮಕ. ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅವರು ತೀರಿಕೊಂಡರು. ನಿಮ್ಮ ರಾಶಿಯಲ್ಲಿ ಗಮಕ ಎಂದು ಬರೆದದ್ದು ಏನೇ ಸಿಕ್ಕರೂ ಬದಿಗೆ ಎತ್ತಿಡಿ.

ಅಂಗಡಿ ಕ್ಯಾಸೆಟ್ ಕೊನೆಗೆ. ಅಲ್ಲೂ ಒಂದು ಸಣ್ಣ ಎಚ್ಚರಿಕೆ ಇದೆ. ಸಿನಿಮಾದ ಕಥೆ-ಸಂಭಾಷಣೆ ಕ್ಯಾಸೆಟ್, ನಾಟಕದ ಕ್ಯಾಸೆಟ್, ಹಾಸ್ಯದ ಕ್ಯಾಸೆಟ್ ಇದ್ದರೆ ಅವನ್ನು ಮೇಲಿನ ಗುಂಪಿಗೆ ಸೇರಿಸಿ. ಹಾಡುಗಳು ಮತ್ತೆ ಮತ್ತೆ ಬಿಡುಗಡೆ ಆಗುತ್ತವೆ. ಇವು ಆಗೋದು ಅಪರೂಪ.

ಈಗ ಬೂಷ್ಟಿನ ವಿಷಯ. ಇದು ನಮ್ಮ ಮಲೆನಾಡಿನ ದೊಡ್ಡ ಶತ್ರು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಗಾಳಿಯ ತೇವ ಶೇ. 65-70 ದಾಟಿದರೆ ಬೂಷ್ಟು ಏಳುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಅಟ್ಟ ಅದಕ್ಕಿಂತ ಬಹಳ ಮೇಲಿರುತ್ತೆ. ಪುಸ್ತಕದಲ್ಲಿ ‘ತಂಪಾದ, ಒಣ ಕೋಣೆಯಲ್ಲಿ ಇಡಿ’ ಅಂತ ಬರೆದಿರುತ್ತಾರೆ. ಅಂಥ ಕೋಣೆ ಆಷಾಢದಲ್ಲಿ ನಮ್ಮಲ್ಲಿ ಎಲ್ಲಿದೆ ಹೇಳಿ? ಕೋಣೆಯನ್ನು ಒಣಗಿಸೋಕೆ ಆಗೋದಿಲ್ಲ. ಡಬ್ಬಿಯನ್ನು ಒಣಗಿಸಬಹುದು.

ನಮ್ಮ ಹೆಂಗಸರು ಹಪ್ಪಳ ಇಡುವ ಲೆಕ್ಕವೇ ಇಲ್ಲೂ. ಬಾಯಿ ಬಿಗಿಯಾಗಿ ಮುಚ್ಚುವ, ಸುತ್ತಲೂ ರಬ್ಬರ್ ಇರುವ ಪ್ಲಾಸ್ಟಿಕ್ ಡಬ್ಬಿ ತನ್ನಿ. ಕ್ಯಾಸೆಟ್ ತುಂಬಿ, ಬಟ್ಟೆಯ ಗಂಟಿನಲ್ಲಿ ಕಾಲು ಕಿಲೋ ಸಿಲಿಕಾ ಜೆಲ್ ಇಡಿ. ತುಂಬೋದು ಫೆಬ್ರವರಿ-ಮಾರ್ಚ್‌ನಲ್ಲಿ, ಒಣ ಹವೆ ಇರುವ ಮಧ್ಯಾಹ್ನ. ಜುಲೈನಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ. ಜೆಲ್ ಬಣ್ಣ ಬದಲಾದಾಗ ತೆಗೆದು ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತೆ. ಆದರೆ ನೀಲಿ ಬಣ್ಣದ ಜೆಲ್ ಆದರೆ ಅಡುಗೆ ಬಾಣಲೆಯಲ್ಲಿ ಹುರಿಯಬೇಡಿ. ಆ ನೀಲಿ ಕೋಬಾಲ್ಟಿನದು, ಹೊಟ್ಟೆಗೆ ಹೋಗಬಾರದು. ಅದಕ್ಕೇ ಒಂದು ಹಳೇ ಪಾತ್ರೆ ಇಟ್ಟುಬಿಡಿ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದೇ ಒಳ್ಳೆಯದು.

ಕೆಲವರು ಬಚ್ಚಲ ಒಲೆಯ ಹತ್ತಿರ ಬೆಚ್ಚಗಿರುತ್ತೆ ಅಂತ ಅಲ್ಲಿ ಕ್ಯಾಸೆಟ್ ಇಡುತ್ತಾರೆ. ಬೇಡ. ಹೊಗೆಯ ಜಿಡ್ಡು ಟೇಪಿಗೆ ಹತ್ತುತ್ತೆ, ಬಿಸಿಗೆ ಕವಚ ಸೊಟ್ಟಗಾಗುತ್ತೆ. ಸ್ಪೀಕರ್ ಪೆಟ್ಟಿಗೆಯ ಮೇಲೂ ಬೇಡ, ಒಳಗೆ ಅಯಸ್ಕಾಂತ ಇದೆ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಹಾಗೇ ಹಾಕಿ ಓಡಿಸಬೇಡಿ. ಬೂಷ್ಟಿಗೆ ಸುರುಳಿಯ ಪದರಗಳು ಒಂದಕ್ಕೊಂದು ಅಂಟಿರುತ್ತವೆ, ಎಳೆದರೆ ಹರಿಯುತ್ತವೆ. ಜೊತೆಗೆ ಆ ಪುಡಿ ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಹತ್ತಿ, ಮುಂದೆ ಹಾಕುವ ಒಳ್ಳೇ ಕ್ಯಾಸೆಟ್‌ಗೂ ಹೋಗುತ್ತೆ. ಮಳೆಗಾಲದಲ್ಲಿ ಮುಟ್ಟಲೇಬೇಡಿ. ಬೂಷ್ಟಿನವನ್ನೆಲ್ಲ ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ವಾರ ಮುಚ್ಚಿಡಿ. ಒಣಗಿದಾಗ ಬೂಷ್ಟು ಬೆಳೆಯೋದು ನಿಂತು ಪುಡಿಯಾಗುತ್ತೆ. ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆ ಬ್ರಷ್‌ನಲ್ಲಿ ಉದುರಿಸಿ. ಆಮೇಲೆ ಪೆನ್ಸಿಲ್ ಹಾಕಿ ಕೈಯಲ್ಲೇ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಸುತ್ತಿ. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಟೇಪ್ ಇರುತ್ತೆ, ಕೈ ನೋಯುತ್ತೆ. ಎಲ್ಲಾದರೂ ಅಂಟಿದ್ದು ಕೈಗೆ ಗೊತ್ತಾಗುತ್ತೆ, ಮೋಟಾರಿಗೆ ಗೊತ್ತಾಗೋದಿಲ್ಲ. ಅದಕ್ಕೇ ಕೈಯಲ್ಲಿ ಸುತ್ತಿ ಅನ್ನೋದು.

ಕವಚ ಒಡೆದಿದ್ದರೆ, ಒಳಗಿನ ಸಣ್ಣ ಉಣ್ಣೆಯ ಪ್ಯಾಡ್ ಬಿದ್ದುಹೋಗಿದ್ದರೆ, ಬೇಡವಾದ ಇನ್ನೊಂದು ಕ್ಯಾಸೆಟ್‌ನ ಕವಚಕ್ಕೆ ಸುರುಳಿ ಬದಲಾಯಿಸಬಹುದು. ಐದು ತಿರುಪು ಇರುವ ಕವಚ ಸುಲಭ. ತಿರುಪಿಲ್ಲದೆ ಅಂಟಿಸಿದ ಕವಚ ಒಡೆದೇ ತೆಗೆಯಬೇಕು. ಗುಜರಿಗೆ ಹಾಕುವ ಸಿನಿಮಾ ಕ್ಯಾಸೆಟ್‌ಗಳಲ್ಲಿ ತಿರುಪಿನವು ಹತ್ತು ಹದಿನೈದು ಇದಕ್ಕೇ ಉಳಿಸಿಕೊಳ್ಳಿ.

ಪ್ಲೇಟಿನ ಬಗ್ಗೆ ಒಂದು ಮಾತು, ನನ್ನ ತಪ್ಪಿನಿಂದ ಕಲಿತದ್ದು. ಶುರುವಿನ ದಿನಗಳಲ್ಲಿ ಒಬ್ಬರ 78ರ ಪ್ಲೇಟನ್ನು (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು) ಹೆಡ್ ತೊಳೆಯುವ ಸ್ಪಿರಿಟ್‌ನಲ್ಲೇ ಒರೆಸಿದೆ. ಬಟ್ಟೆಯೆಲ್ಲ ಕಪ್ಪಾಯಿತು, ಪ್ಲೇಟು ಮಂಕಾಯಿತು. 78ರ ಪ್ಲೇಟು ಅರಗಿನದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತೆ. ಬಡಗಿಗಳು ಪಾಲಿಶ್ ಮಾಡೋದೇ ಹಾಗೆ, ಅದು ನನಗೆ ಹೊಳೆಯಲಿಲ್ಲ! ಶುದ್ಧ ನೀರು, ಮೆತ್ತನೆ ಬಟ್ಟೆ ಸಾಕು. ನಡುವಿನ ಕಾಗದ ನೆನೆಯಬಾರದು. ಬೇರೆ ದೇಶಗಳಲ್ಲಿ 1960ರ ಸುಮಾರಿಗೆ ನಿಂತ 78ರ ಪ್ಲೇಟು ನಮ್ಮಲ್ಲಿ ಆ ದಶಕದ ಕೊನೆಯವರೆಗೂ ಬರುತ್ತಿತ್ತು. ಹಾಗಾಗಿ ನಿಮ್ಮ 70ರಲ್ಲಿ ಅರಗಿನವೂ ಇರಬಹುದು, ಎಲ್‌ಪಿಯೂ ಇರಬಹುದು. ಎರಡಕ್ಕೂ ಒಂದೇ ಮುಳ್ಳು ಬೇಡ. 78ರ ಗೀರು ಮೂರು-ನಾಲ್ಕು ಪಟ್ಟು ಅಗಲ, ಎಲ್‌ಪಿ ಮುಳ್ಳು ಅದರ ತಳದಲ್ಲಿ ಉಜ್ಜಿ ಬರೀ ಗರಗರ ಅನ್ನುತ್ತೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಪ್ಲೇಟು ಇಳಿಸುವ ಯಂತ್ರ ನಿಮ್ಮಲ್ಲಿಲ್ಲ ಅಂದರೆ ಈಗಲೇ ಕೊಳ್ಳಬೇಡಿ. ಒಣಗಿಸಿ ಇಟ್ಟರೆ ಅರಗು ಕಾಯುತ್ತೆ.

ಈಗ ಇಳಿಸುವ ಕೆಲಸ. ನಿಮ್ಮ ಟೂ-ಇನ್-ಒನ್ ಟೇಪ್ ನುಂಗುತ್ತೆ ಅಂದರೆ, ಟೇಪ್ ಎಳೆದುಕೊಳ್ಳುವ ರೀಲ್ ಸರಿಯಾಗಿ ತಿರುಗುತ್ತಿಲ್ಲ ಅಂತ ಅರ್ಥ. ಸಾಮಾನ್ಯವಾಗಿ ಬೆಲ್ಟ್ ಸಡಿಲವಾಗಿರುತ್ತೆ. ಅದು ಅಪ್ಪನ ನೆನಪಿಗೆ ಇರಲಿ, ಬೆಲ್ಟ್ ಹಾಕಿಸಿ ಇಟ್ಟುಕೊಳ್ಳಿ. ಈ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಆದರೂ ಒಂದು ಒಳ್ಳೇ ಕ್ಯಾಸೆಟ್ ಡೆಕ್ (ಸ್ಪೀಕರ್ ಇಲ್ಲದ, ಬೇರೆ ಯಂತ್ರಕ್ಕೆ ಜೋಡಿಸುವ ಪ್ಲೇಯರ್) ನೋಡಿ. ಆನ್‌ಲೈನ್‌ನಲ್ಲಿ ಸಿಗುವ ಅಂಗೈಯಗಲದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಬೇಡವೇ ಬೇಡ. ಅದರ ಓಟ ಒಂದೇ ಸಮ ಇರೋದಿಲ್ಲ, ತಂಬೂರಿಯ ಶ್ರುತಿ ಅಲುಗಾಡುತ್ತೆ. ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಕೇಳೋಕೇ ಆಗೋದಿಲ್ಲ.

ಡೆಕ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ನಾಲ್ಕೈದು ಕ್ಯಾಸೆಟ್‌ಗೆ ಒಮ್ಮೆ ಒರೆಸುತ್ತಿರಿ. ಡೆಕ್‌ನ ‘ಲೈನ್ ಔಟ್’ನಿಂದ ವೈರ್ ಎಳೆದು ಒಂದು ಯುಎಸ್‌ಬಿ ಸೌಂಡ್ ಕಾರ್ಡ್‌ನ ‘ಲೈನ್ ಇನ್’ಗೆ ಕೊಡಿ. ಮೈಕ್ ತೂತಿಗೆ ಕೊಟ್ಟರೆ ಸದ್ದು ಒಡೆಯುತ್ತೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಸದ್ದಿನ ಮುಳ್ಳು ಎಷ್ಟು ಏರಿದರೂ ಮೈನಸ್ 6 ಡೆಸಿಬೆಲ್ ಆಸುಪಾಸು ನಿಲ್ಲುವಂತೆ ಇಟ್ಟುಕೊಳ್ಳಿ. ಕಡಿಮೆ ಆದರೆ ಆಮೇಲೆ ಏರಿಸಬಹುದು. ಒಡೆದದ್ದನ್ನು ಜೋಡಿಸೋಕೆ ಆಗೋದಿಲ್ಲ.

ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ ಕೇಳುವಾಗ ಸದ್ದು ಕಂಬಳಿಯೊಳಗಿಂದ ಬಂದಂತೆ ಇದ್ದರೆ ಟೇಪ್ ಹಾಳಾಗಿದೆ ಅಂದುಕೊಳ್ಳಬೇಡಿ. ಅದನ್ನು ಹಿಡಿದ ರೆಕಾರ್ಡರಿನ ಹೆಡ್ ಕೊಂಚ ವಾಲಿತ್ತು, ನಿಮ್ಮ ಡೆಕ್‌ನದು ನೆಟ್ಟಗಿದೆ, ಅಷ್ಟೇ. ಹೆಡ್ ಪಕ್ಕ ಒಂದು ಸಣ್ಣ ತಿರುಪು ಇರುತ್ತೆ. ಅದರ ಈಗಿನ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಟೇಪ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ತಾಳದ ಕಿಣಿಕಿಣಿ ಎಲ್ಲಿ ಸ್ಪಷ್ಟವಾಯಿತೋ ಅಲ್ಲಿ ನಿಲ್ಲಿಸಿ. ಮುಗಿದ ಮೇಲೆ ಗುರುತಿಗೆ ವಾಪಸ್ ತನ್ನಿ. ಈ ಒಂದು ತಿರುಪಿನಿಂದ ಎಷ್ಟೋ ‘ಸತ್ತ’ ಕ್ಯಾಸೆಟ್ ಮಾತಾಡಿದ್ದನ್ನು ಕಂಡಿದ್ದೇನೆ.

ಇನ್ನೊಂದು ನಮ್ಮ ಹಳ್ಳಿಗಳದೇ ತಮಾಷೆ. ಕರೆಂಟಿಲ್ಲದ ಜಾಗದಲ್ಲಿ ಬ್ಯಾಟರಿ ಶೆಲ್ ಹಾಕಿ ರೆಕಾರ್ಡ್ ಮಾಡುತ್ತಿದ್ದರು. ರಾತ್ರಿ ಕಳೆದಂತೆ ಶೆಲ್ ಸೋಲುತ್ತೆ, ಟೇಪ್ ನಿಧಾನವಾಗಿ ಓಡುತ್ತೆ. ಈಗ ಸರಿಯಾದ ವೇಗದಲ್ಲಿ ಹಾಕಿದರೆ ಕೊನೆಕೊನೆಗೆ ಹಾಡುವವರ ಗಂಟಲು ಸಣ್ಣಗಾಗಿ, ಓಡಿ ಓಡಿ ಹಾಡಿದಂತೆ ಕೇಳುತ್ತೆ. ಅದನ್ನು ಆಡಾಸಿಟಿಯಲ್ಲಿ ವೇಗ ತಗ್ಗಿಸಿ ಸರಿ ಮಾಡಬಹುದು. ಆದರೆ ಸರಿ ಮಾಡಿದ್ದು ಬೇರೆ ಪ್ರತಿ ಆಗಿರಲಿ. ಟೇಪಿನಿಂದ ಇಳಿದದ್ದು ಇಳಿದ ಹಾಗೇ ಇರಬೇಕು. ಸುಯ್ ಸದ್ದು ತೆಗೆಯುವ ಸಾಫ್ಟ್‌ವೇರ್‌ಗೂ ಇದೇ ಮಾತು. ಅದು ಸುಯ್ ಜೊತೆಗೆ ಹಾಡುವವರ ಉಸಿರನ್ನೂ ತೆಗೆದುಬಿಡುತ್ತೆ.

ಯಾವ ರೂಪದಲ್ಲಿ ಇಡೋದು? ಫ್ಲ್ಯಾಕ್. ಚರ್ಚೆ ಬೇಡ. ಎಂಪಿ3 ಅನ್ನೋದು ಕಿವಿಗೆ ಗೊತ್ತಾಗದು ಎಂದು ಲೆಕ್ಕ ಹಾಕಿ ಸದ್ದಿನ ಒಂದಷ್ಟು ಭಾಗವನ್ನು ಬಿಸಾಡುತ್ತೆ. 128ರ ಎಂಪಿ3ಯಲ್ಲಿ (128 ಕೆಬಿಪಿಎಸ್, ಅಂದರೆ ಬಹಳ ಹಿಂಡಿದ್ದು) ಯಕ್ಷಗಾನದ ತಾಳ, ಜಾಗಟೆ ಕೇಳಿ ನೋಡಿ, ನೀರಲ್ಲಿ ಮುಳುಗಿಸಿ ಬಾರಿಸಿದ ಹಾಗಿರುತ್ತೆ. ಫ್ಲ್ಯಾಕ್ ಏನನ್ನೂ ಬಿಸಾಡದೆ ಮಡಚಿ ಇಡುತ್ತೆ. ಸಿಡಿ ಗುಣಮಟ್ಟದಲ್ಲಿ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲಿ, ಒಂದು ಗಂಟೆಯ ಕ್ಯಾಸೆಟ್ ಮಡಚದೆ 635 ಎಂಬಿ ಆಗುತ್ತೆ. ಫ್ಲ್ಯಾಕ್‌ನಲ್ಲಿ ಸುಮಾರು 400 ಅಂತ ಹಿಡಿಯಿರಿ. ಟೇಪಿನ ಸುಯ್ ಸದ್ದು ಅಷ್ಟು ಸುಲಭಕ್ಕೆ ಮಡಚಿಕೊಳ್ಳೋದಿಲ್ಲ. 640 ಕ್ಯಾಸೆಟ್ ಎಲ್ಲಾ ಸೇರಿ 256 ಜಿಬಿ. ಒಂದು ಟೆರಾಬೈಟ್ ಡಿಸ್ಕಿನ ಕಾಲು ಭಾಗ! ಜಾಗಕ್ಕೆ ಜಿಪುಣತನ ಮಾಡುವ ಕಾಲ ಹೋಯಿತು. ಮನೆಯ ರೆಕಾರ್ಡಿಂಗ್‌ಗಳನ್ನಂತೂ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲೇ ಇಳಿಸಿ. ಕಾರಿಗೆ, ಫೋನಿಗೆ ಬೇಕಾದಾಗ ಅದರಿಂದ ಎಂಪಿ3 ಮಾಡಿಕೊಳ್ಳಿ. ಇರುವ ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಮಾತ್ರ ಏನೂ ಸಿಗೋದಿಲ್ಲ. ನೀರು ಬೆರೆಸಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದಂತೆ.

‘ನಾವೇ ಮಾಡಿಕೊಡ್ತೀವಿ’ ಅನ್ನುವವರಿಗೆ ಒಟ್ಟಿಗೆ ಕೊಡಬೇಡಿ. ನಾನು ಒಮ್ಮೆ ಅರವತ್ತು ಕ್ಯಾಸೆಟ್ ಕೊಟ್ಟಿದ್ದೆ. ಎಲ್ಲಾ 128ರ ಎಂಪಿ3 ಆಗಿ, ‘ಟ್ರ್ಯಾಕ್ 1, ಟ್ರ್ಯಾಕ್ 2’ ಅಂತ ಬಂತು. ಯಾವ ಕ್ಯಾಸೆಟ್ ಯಾವ ಪೆಟ್ಟಿಗೆಯದು ಅನ್ನೋದೂ ಅದಲುಬದಲು. ಮೊದಲು ಎರಡು ಕೊಟ್ಟು ನೋಡಬೇಕಿತ್ತು.

ಈಗ ಹೆಸರಿಡುವ ಕೆಲಸ. ಬೇಜಾರಿನದು ಅಂತ ಎಲ್ಲರೂ ಮುಂದೂಡುತ್ತಾರೆ. ನನ್ನ ಪ್ರಕಾರ ಸಂಗ್ರಹ ಅಂದರೆ ಇದೇ. ಹಾಡು ಇದೆ, ಏನು ಅಂತ ಗೊತ್ತಿಲ್ಲ ಅಂದರೆ ಅದು ರಾಶಿ.

ಪ್ರತಿ ಕ್ಯಾಸೆಟ್‌ಗೆ ಒಂದು ನಂಬರ್ ಕೊಡಿ: 0001, 0002. ಕ್ಯಾಸೆಟ್‌ನ ಮೇಲೆ, ಪೆಟ್ಟಿಗೆಯ ಮೇಲೆ, ಫೈಲಿನ ಹೆಸರಿನಲ್ಲಿ, ಒಂದು ದಪ್ಪ ನೋಟ್ ಬುಕ್ಕಿನಲ್ಲಿ ಅದೇ ನಂಬರ್. ಮೊದಲ ಮುಖ 0412-1, ಎರಡನೇ ಮುಖ 0412-2. ಅಪ್ಪ ಬರೆದ ಹಾಳೆಗೆ ಫೋನಿನಲ್ಲಿ ಫೋಟೊ ತೆಗೆದು ಅದೇ ನಂಬರಿನಲ್ಲಿ ಸೇರಿಸಿ. ಫೈಲಿನ ಹೆಸರನ್ನು ಉದ್ದಕ್ಕೆ ಕನ್ನಡದಲ್ಲಿ ಬರೆಯೋಕೆ ಹೋಗಬೇಡಿ. ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಒಂದೇ ಪದ 15 ಬೈಟ್. ಲಿನಕ್ಸ್, ಆ್ಯಂಡ್ರಾಯ್ಡ್‌ಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಪ್ರಸಂಗದ ಹೆಸರು, ಭಾಗವತರು, ಊರು, ತಾರೀಖು ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತೆ, ನಕಲು ಮಾಡುವಾಗ ಕೈಕೊಡುತ್ತೆ. ಹಳೇ ಕಾರ್ ಸ್ಟೀರಿಯೋಗಳಲ್ಲಂತೂ ಕನ್ನಡ ಬರೀ ಚೌಕ ಚೌಕ. ಹೆಸರು ಚಿಕ್ಕದಿರಲಿ, ವಿವರವೆಲ್ಲ ಫೈಲಿನೊಳಗಿನ ಟ್ಯಾಗ್‌ನಲ್ಲಿ ಕನ್ನಡದಲ್ಲೇ ಇರಲಿ. ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ಫ್ಲ್ಯಾಕ್‌ಗೂ ನಡೆಯುತ್ತೆ. ಅಪ್ಪ ಕಂಪ್ಯೂಟರಿನಲ್ಲಿ ಹಳೇ ‘ನುಡಿ’ ಅಥವಾ ‘ಬರಹ’ ಕನ್ನಡ ಸಾಫ್ಟ್‌ವೇರ್‌ನಲ್ಲಿ ಪಟ್ಟಿ ಮಾಡಿದ್ದರೆ ಈಗ ತೆರೆದಾಗ ಅರ್ಥವಿಲ್ಲದ ಅಕ್ಷರ ಕಾಣುತ್ತೆ. ಹೆದರಿ ಅಳಿಸಬೇಡಿ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಸಿಗುತ್ತವೆ.

ಟ್ಯಾಗ್ ಸಾಫ್ಟ್‌ವೇರ್‌ಗಳು ‘ಕಲಾವಿದ, ಆಲ್ಬಂ’ ಎಂದು ಎರಡು ಖಾನೆ ಮುಂದಿಡುತ್ತವೆ. ನಮ್ಮ ಹಾಡಿಗೆ ಅದು ಸಾಲದು. ಭಾವಗೀತೆಗೆ ಮೂವರು ಬೇಕು: ಕವಿ, ಸಂಯೋಜಕ, ಗಾಯಕ. ‘ಮೈಸೂರು ಮಲ್ಲಿಗೆ’ ಅಂತ ಹುಡುಕಿ ನೋಡಿ. ಅದು ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವನ ಸಂಕಲನ. ಸಿ. ಅಶ್ವಥ್ ಸಂಯೋಜನೆಯ ಕ್ಯಾಸೆಟ್. ಅದೇ ಹೆಸರಿನ ಸಿನಿಮಾ ಕೂಡ. ಯಾವುದು ಯಾವುದೆಂದು ಬರೆಯದಿದ್ದರೆ ಎಲ್ಲಾ ಒಂದೇ ಗುಡ್ಡೆಯಾಗುತ್ತೆ. ಹಿಂದೂಸ್ತಾನಿಗೆ ರಾಗ, ತಾಳ. ಯಕ್ಷಗಾನಕ್ಕೆ ಪ್ರಸಂಗ, ಭಾಗವತರು, ಮದ್ದಳೆ, ಚಂಡೆ, ಎಲ್ಲಿ ಆಯಿತು, ಯಾವಾಗ. ತಾಳಮದ್ದಳೆಯಾದರೆ ಅರ್ಥಧಾರಿಗಳು.

ಒಬ್ಬರ ಹೆಸರನ್ನು ಒಂದೇ ಥರ ಬರೆಯಿರಿ. ಒಂದು ಕಡೆ ಪಿಬಿಎಸ್, ಇನ್ನೊಂದು ಕಡೆ ಪಿ.ಬಿ. ಶ್ರೀನಿವಾಸ್, ಮತ್ತೊಂದು ಕಡೆ ಶ್ರೀನಿವಾಸ ಅಂದರೆ ಕಂಪ್ಯೂಟರಿಗೆ ಮೂವರು ಗಾಯಕರು. ಪ್ಲೇಟಿನ ಮೇಲೆ ಬೇರೆ ಹೆಸರಿದ್ದರೆ ಅದನ್ನೂ ಬರೆದಿಡಿ. ಗಂಗೂಬಾಯಿ ಹಾನಗಲ್ಲರ ಹಳೇ ಪ್ಲೇಟುಗಳ ಮೇಲೆ ‘ಗಾಂಧಾರಿ’ ಅಂತ ಇರುತ್ತೆ. ಗೊತ್ತಿಲ್ಲದವರು ಅದನ್ನು ಗುಜರಿಗೆ ಹಾಕಿಯಾರು.

ಇನ್ನು ಕಾಪಾಡುವುದು. 2000ದ ದಶಕದಲ್ಲಿ ನನ್ನ ಹತ್ತಿರ 11,000 ಹಾಡು ಇತ್ತು, ಎರಡು ಹಾರ್ಡ್ ಡಿಸ್ಕಿನಲ್ಲಿ. ಎರಡು ಪ್ರತಿ ಇದೆ ಅಂತ ನಿಶ್ಚಿಂತೆ. ಒಂದು ಏಪ್ರಿಲ್ ಕೊನೆ, ಭರಣಿ ಮಳೆ, ಒಂದೇ ಗುಡುಗು. ಎರಡೂ ಡಿಸ್ಕ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದವು. ಎರಡೂ ಹೋದವು. ಅವತ್ತಿನಿಂದ ನಾನು ಹೇಳೋದು: ಮೂರು ಪ್ರತಿ. ಒಂದು ದಿನಬಳಕೆಗೆ. ಎರಡನೆಯದು ಅದೇ ಮನೆಯಲ್ಲಿ, ಆದರೆ ವೈರ್ ಕಿತ್ತು ಡಬ್ಬಿಯಲ್ಲಿ. ಮೂರನೆಯದು ಬೇರೆ ಊರಿನಲ್ಲಿ. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ನೆಂಟರ ಮನೆ ಇದ್ದೇ ಇರುತ್ತೆ. ಹಬ್ಬಕ್ಕೆ ಬಂದಾಗ ಡಿಸ್ಕ್ ಬದಲಾಯಿಸಿ ಕಳಿಸಿ. ಡಬ್ಬಿಯಲ್ಲಿ ಇಡುವುದಕ್ಕೆ ಮಾಮೂಲಿ ಹಾರ್ಡ್ ಡಿಸ್ಕೇ ಇರಲಿ. ಎಸ್‌ಎಸ್‌ಡಿ (ಚಿಪ್‌ನಲ್ಲಿ ಉಳಿಸುವ ಹೊಸ ಬಗೆಯ ಡಿಸ್ಕ್) ವರ್ಷಗಟ್ಟಲೆ ಕರೆಂಟು ಕಾಣದೆ ಇದ್ದರೆ ಮರೆತುಬಿಡುವ ಸಾಧ್ಯತೆ ಇದೆ. ಹಾರ್ಡ್ ಡಿಸ್ಕನ್ನೂ ಆರು ತಿಂಗಳಿಗೊಮ್ಮೆ ಹಾಕಿ ಓಡಿಸಿ, ಐದು ವರ್ಷಕ್ಕೆ ಹೊಸದಕ್ಕೆ ನಕಲು ಮಾಡಿ. ಪೆನ್ ಡ್ರೈವ್ ಬಸ್ಸಿನ ಹಾಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋಕೆ. ಅಲ್ಲೇ ಮನೆ ಮಾಡಬಾರದು.

ನಿಮ್ಮ 40,000 ಎಂಪಿ3 ಬಗ್ಗೆ ಹೆಚ್ಚು ಹೇಳೋದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಹಾಡಿಗೆ ಐದು ನಿಮಿಷ ಅಂದರೂ ದಿನಕ್ಕೆ ಎರಡು ಗಂಟೆ ಕೇಳಿ ಮುಗಿಸೋಕೆ ನಾಲ್ಕೂವರೆ ವರ್ಷ ಬೇಕು. ಪೆನ್ ಡ್ರೈವ್‌ನಿಂದ ಪೆನ್ ಡ್ರೈವ್‌ಗೆ ಬಂದದ್ದರಲ್ಲಿ ಒಂದೇ ಹಾಡು ನಾಲ್ಕು ಸಲ ಇರುತ್ತೆ. ನಿಮಗೆ ನಿಜಕ್ಕೂ ಬೇಕಾದ ಒಂದೆರಡು ಸಾವಿರ ಆರಿಸಿ ಹೊಸ ಫೋಲ್ಡರಿಗೆ ಹಾಕಿ, ಅವನ್ನು ಮಾತ್ರ ಒಳ್ಳೇ ಪ್ರತಿಯಲ್ಲಿ ಸಂಪಾದಿಸಿ. ಸಿಡಿ ಸಿಕ್ಕರೆ ಕೊಂಡು ಇಳಿಸಿಕೊಳ್ಳಿ. ಆ್ಯಪ್‌ನಲ್ಲಿ ಇದೆಯಲ್ಲ ಅಂತ ಪೂರ್ತಿ ನಂಬಬೇಡಿ. ಕಂಪನಿಗಳ ಒಪ್ಪಂದ ಮುಗಿದರೆ ನಿಮ್ಮ ಇಷ್ಟದ ಹಾಡು ಒಂದು ಬೆಳಿಗ್ಗೆ ಬೂದು ಬಣ್ಣಕ್ಕೆ ತಿರುಗಿರುತ್ತೆ.

ಬೆಳೆಸುವ ಆಸೆಗೆ ನನ್ನ ಸಲಹೆ, ಒಂದು ಬೇಲಿ ಹಾಕಿಕೊಳ್ಳಿ. ಎಲ್ಲವೂ ಬೇಕು ಅಂದರೆ ಮತ್ತೆ 40,000ಕ್ಕೇ ಹೋಗುತ್ತೀರಿ. ತೀರ್ಥಹಳ್ಳಿ, ಹೊಸನಗರ, ಸಾಗರ, ಈ ಮೂರು ತಾಲ್ಲೂಕಿನ ತಾಳಮದ್ದಳೆ ಮತ್ತು ಮನೆ ಹಾಡು ಅಂತ ಇಟ್ಟುಕೊಳ್ಳಿ, ನೋಡಿ. ನೀನಾಸಂ ನಾಟಕ ಸಂಸ್ಥೆ ಇರುವ ಹೆಗ್ಗೋಡಿನ ಕಡೆಯವರ ಮನೆಗಳಲ್ಲಿ ರಂಗಗೀತೆಯ ಕ್ಯಾಸೆಟ್ ಇರಬಹುದು, ಅದನ್ನೂ ಸೇರಿಸಿಕೊಳ್ಳಿ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರನ್ನು ‘ನಿಮ್ಮ ಅಟ್ಟದಲ್ಲಿ ಕ್ಯಾಸೆಟ್ ಇದೆಯಾ?’ ಅಂತ ಕೇಳಿ. ಕೊಟ್ಟರೆ ಇಳಿಸಿ, ಕ್ಯಾಸೆಟ್ ಜೊತೆ ಒಂದು ಪೆನ್ ಡ್ರೈವ್‌ನಲ್ಲಿ ಹಾಡೂ ಹಾಕಿ ವಾಪಸ್ ಕೊಡಿ. ಮುಂದಿನ ಸಲ ಅವರೇ ಇನ್ನಿಬ್ಬರನ್ನು ಕರೆತರುತ್ತಾರೆ.

ಕಾನೂನಿನ ಬಗ್ಗೆ ಚುಟುಕಾಗಿ. ನಿಮ್ಮ ಕ್ಯಾಸೆಟ್ಟನ್ನು ನೀವು ಕೇಳೋಕೆ ಇಳಿಸಿಕೊಳ್ಳುವ ಸ್ವಂತ ಬಳಕೆಗೆ 1957ರ ಹಕ್ಕುಸ್ವಾಮ್ಯ ಕಾಯ್ದೆ ಜಾಗ ಕೊಡುತ್ತೆ. ಇಂಟರ್‌ನೆಟ್‌ಗೆ ಏರಿಸೋದು ಬೇರೆ ಮಾತು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ. ಮನೆಯ ಹಾಡನ್ನು ಏರಿಸುವುದಾದರೂ ಹಾಡಿದವರ ಮನೆಯವರನ್ನು ಒಂದು ಮಾತು ಕೇಳಿ.

ಕೊನೆಗೆ ಆ ‘ಅಮ್ಮ, ದೀಪಾವಳಿ 1986’. ಅದು ನಿಮ್ಮ 0001. ಇವತ್ತೇ ಅದನ್ನೊಂದನ್ನೇ ಸಣ್ಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ತೆಗೆಯಿರಿ. ಅಷ್ಟರಲ್ಲಿ ಬೇರೆ ಕ್ಯಾಸೆಟ್‌ಗಳ ಮೇಲೆ ಕೈ ಪಳಗಿಸಿಕೊಂಡಿರುತ್ತೀರಿ. ಕೈಯಲ್ಲಿ ಸುತ್ತಿ, ಬೇಕಾದರೆ ಕವಚ ಬದಲಾಯಿಸಿ. ಹಾಕುವ ಮೊದಲೇ ರೆಕಾರ್ಡಿಂಗ್ ಶುರು ಮಾಡಿರಿ, ಏಕೆಂದರೆ ಎರಡನೇ ಸಲ ಓಡುತ್ತೆ ಅನ್ನುವ ಗ್ಯಾರಂಟಿ ಇಲ್ಲ. ಇಳಿದ ಮೇಲೆ ಅದನ್ನು ಕೇಳಿಸೋಕೆ ಅಜ್ಜಿಯ ಕಾಲದವರನ್ನು ಕರೆಯಿರಿ. ಅತ್ತೆಯಂದಿರು ಇದ್ದರೆ ಅವರನ್ನೇ. ಅದು ಯಾವ ಹಾಡು, ಜೊತೆಗೆ ದನಿ ಸೇರಿಸಿದವರು ಯಾರು, ನಡುವೆ ನಕ್ಕವರು ಯಾರು, ಅವರಿಗೇ ಗೊತ್ತಿರೋದು. ಅವರು ಮಾತಾಡುವಾಗ ನಿಮ್ಮ ಫೋನಿನ ರೆಕಾರ್ಡರ್ ಆನ್ ಮಾಡಿ ಪಕ್ಕದಲ್ಲಿಡಿ. ಆ ಫೈಲಿಗೆ ‘0001-ಮಾತು’ ಅಂತ ಹೆಸರು ಕೊಟ್ಟು ಅದೇ ಫೋಲ್ಡರಿಗೆ ಹಾಕಿ.